ಸೇತುವೆಯ ಈಚೆ ದಡ

ಸೇತುವೆ ಇಳಿದ ಕೂಡಲೇ ಕೆನಡಾದ ಅಧಿಕಾರಿ ಕಾರನ್ನು ತಡೆದ. ಓಡಿಸುತ್ತಿದ್ದವಳು ಡೊರೀನ್. ಪಕ್ಕದಲ್ಲಿ ಅವಳ ಅಕ್ಕ ಮಾರ್ಲಿಸ್, ಹೊಸ ನೀಲಿ ಗೌನು ಮುದುಡದಂತೆ ನೆಟ್ಟಗೆ ಕೂತಿದ್ದಳು. ಅಲ್ಲೇ, ಕೆನಡಾ ದಡದ ಸಾರ್ನಿಯ ಊರಿನಲ್ಲಿ ಅಂದು ಮಧ್ಯಾಹ್ನ ಅವಳ ಒಬ್ಬಳೇ ಮಗಳು ಟೆಸಾಳ ಮದುವೆ.

"ಯಾವುದಾದ್ರೂ ಅಪರಾಧದಲ್ಲಿ ಶಿಕ್ಷೆ ಆಗಿದೆಯಾ?"

"ಇಲ್ಲಪ್ಪ," ಎಂದಳು ಮಾರ್ಲಿಸ್, ನಗುತ್ತಲೇ.

ಅವನು ಕಂಪ್ಯೂಟರ್ ನೋಡಿದ. ಇಬ್ಬರನ್ನೂ ಕಚೇರಿಯೊಳಗೆ ಕರೆದ.

"ನಾಲ್ಕು ವರ್ಷದ ಹಿಂದೆ, ಕುಡಿದು ಗಾಡಿ ಓಡಿಸಿದ ಕೇಸು."

"ಅದು ಮುಗೀತಲ್ಲ! ದಂಡ ಕಟ್ಟಿದೀನಿ, ಲೈಸೆನ್ಸೂ ವಾಪಸ್ ಬಂತು. ನಾನು ಜೈಲಿಗೆ ಹೋಗ್ಲೇ ಇಲ್ಲ," ಎಂದಳು ಮಾರ್ಲಿಸ್.

"ಜೈಲಿಗೆ ಹೋದ್ರಾ ಅಂತ ಕೇಳ್ಲಿಲ್ಲ ಮೇಡಂ. ತಪ್ಪು ಒಪ್ಕೊಂಡ್ರಿ, ಜಡ್ಜು ದಂಡ ಹಾಕಿದ್ರು. ಶಿಕ್ಷೆ ಆಯ್ತು ಅನ್ನೋದು ಅದಕ್ಕೇ. ನಿಮ್ಮ ಮಿಷಿಗನ್ನಲ್ಲಿ ಅದು ಸಣ್ಣದು. ನಮ್ಮಲ್ಲಿ ದೊಡ್ಡದು."

ಒರಟಾಗಿ ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ. ಅವಳನ್ನು ಕೆನಡಾದೊಳಗೆ ಬಿಡಲಾಗದು ಎಂದು ಅವನು ಮೆಲ್ಲಗೆ ಹೇಳಿದ. ವಿಶೇಷ ಅನುಮತಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಿತ್ತಂತೆ. "ಒಪ್ಕೊಂಡ್ಬಿಡಿ, ದಂಡ ಕಟ್ಟಿ ಮನೆಗೆ ಹೋಗಿ," ಎಂದಿದ್ದ ಅಂದಿನ ವಕೀಲ. ಅವಳು ಮನೆಗೆ ಹೋಗಿದ್ದಳು. ಅಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಂಡಿದ್ದಳು.

ಕಾರು ತಿರುಗಿ ಅಮೆರಿಕದ ದಡದ ಪೋರ್ಟ್ ಹ್ಯೂರನ್ ಕಡೆ ಹೊರಟಿತು.

"ಟೆಸಾಗೆ ನಿಜ ಹೇಳ್ಬಿಡೇ," ಎಂದಳು ಡೊರೀನ್.

"ಇವತ್ತಾ? ಮದುವೆ ದಿನಾನಾ?"

"ಮತ್ತೆ ಯಾವತ್ತು ಮಾರಾಯ್ತಿ? ಲೈಸೆನ್ಸ್ ಹೋದಾಗ ಕಣ್ಣಿನ ಆಪರೇಷನ್ ಅಂದೆ. ಕಪ್ಪು ಕನ್ನಡಕ ಹಾಕ್ಕೊಂಡಿದ್ದ ನಿನ್ನನ್ನ ಕಾರಲ್ಲಿ ಊರೆಲ್ಲ ಸುತ್ತಿಸಿದ್ದು ನಾನು. ಇವತ್ತು ಏನಂತೀಯ? ಕಿವಿ ಆಪರೇಷನ್ನಾ?"

ಮಾರ್ಲಿಸ್ ನಗಲಿಲ್ಲ. ಮಗಳಿಗೆ ಫೋನ್ ಮಾಡಿ, ಹೊಟ್ಟೆ ಕೆಟ್ಟಿದೆ, ಎದ್ದು ನಿಲ್ಲಲೂ ಆಗುತ್ತಿಲ್ಲ ಎಂದಳು. ಟೆಸಾ ಅತ್ತಳು. ಆಮೇಲೆ ತಾನೇ ಸಮಾಧಾನ ಹೇಳಿದಳು: "ಮದುವೆ ಮುಗಿಸಿ ಹೊಳೆ ದಂಡೆಗೆ ಬರ್ತೀವಮ್ಮಾ. ಆಗೋದಾದ್ರೆ ನೀನೂ ನಿನ್ನ ಕಡೆ ದಂಡೆಗೆ ಬಾ. ದೂರದಿಂದ್ಲಾದ್ರೂ ನೋಡ್ತೀಯ."

ಅಕ್ಕತಂಗಿಯರು ಈಚೆ ದಂಡೆಯಲ್ಲಿ ಕಾದು ನಿಂತರು. ಅಲ್ಲಿ ಹೊಳೆ ಕಿರಿದು. ಸಂಜೆ ಬಿಸಿಲಿನಲ್ಲಿ ಆಚೆ ದಂಡೆಗೆ ಬಿಳಿ ಗೌನೊಂದು ಬಂತು, ಹಿಂದೆ ನೆಂಟರ ಗುಂಪು. ಎಲ್ಲರೂ ಕೈ ಬೀಸಿದರು. ಮಾರ್ಲಿಸಳ ಫೋನ್ ರಿಂಗಾಯಿತು. ಮಾತಾಡಿದವಳು ಬೀಗಿತ್ತಿ ಗ್ವೆನ್.

"ಹೇಗಿದೆ ಹೊಟ್ಟೆ? ನೀಲಿ ಗೌನು ಇಲ್ಲಿಂದ್ಲೇ ಮಿಂಚ್ತಿದೆ ಕಣ್ರೀ! ಕೇಕು ಎತ್ತಿಟ್ಟಿದೀನಿ. ನಾಳೆ ಹುಷಾರಾದ ತಕ್ಷಣ ಬಂದ್ಬಿಡಿ. ನಿಮ್ಮ ಜೊತೆ ಒಂದು ಫೋಟೋನೂ ಇಲ್ಲ ನಮ್ಹತ್ರ."

ನಾಳೆ. ಹೊಟ್ಟೆನೋವು ಎಷ್ಟು ದಿನ ಇರಲು ಸಾಧ್ಯ? ಕ್ರಿಸ್‌ಮಸ್‌ಗೆ ಇನ್ನೇನು ಕಾಯಿಲೆ? ಮುಂದೆಂದಾದರೂ ಟೆಸಾ ಹೆರಿಗೆಗೆ ಕರೆದರೆ?

"ನಾಳೆನೂ ಬರಕ್ಕಾಗಲ್ಲ ಗ್ವೆನ್," ಎಂದಳು. "ಸೇತುವೆ ಹತ್ರ ನನ್ನನ್ನ ವಾಪಸ್ ಕಳಿಸಿದ್ರು. ನನಗೆ ಶಿಕ್ಷೆ ಆಗಿದೆ. ಕುಡಿದು ಕಾರು ಓಡಿಸಿದ್ದಕ್ಕೆ."

ಗ್ವೆನ್ ಅದನ್ನೇ ಪಕ್ಕದಲ್ಲಿದ್ದವರಿಗೆ ಹೇಳಿದಳು. ಫೋನ್ ಕೈ ಬದಲಾದ ಸದ್ದು ಕೇಳಿತು. ಆಚೆ ಬೀಸುತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಅಮ್ಮಾ, ಯಾವಾಗ ಇದು?" ಟೆಸಾಳ ದನಿ.

"ಕಣ್ಣಿನ ಆಪರೇಷನ್ ಅಂದಿದ್ನಲ್ಲ, ಆಗ."

"ನಾನು ರಜೆ ಹಾಕಿ ಬಂದು ವಾರಪೂರ್ತಿ ನಿನ್ನ ಕಣ್ಣಿಗೆ ಡ್ರಾಪ್ಸ್ ಹಾಕಿದೆ."

"ಹೂಂ."

"ಬಾಯಿ ಮುಚ್ಕೊಂಡು ಹಾಕಿಸ್ಕೊಂಡೆ."

"ಹೂಂ."

ಇಬ್ಬರ ನಡುವೆ ಒಂದು ಸರಕು ಹಡಗು ನಿಧಾನವಾಗಿ ಹಾದುಹೋಯಿತು. ಅದು ಸರಿದ ಮೇಲೆ ಆಚೆ ದಡದಲ್ಲಿ ಯಾರೂ ಇರುವುದಿಲ್ಲ ಅಂದುಕೊಂಡಳು ಮಾರ್ಲಿಸ್. ಬಿಳಿ ಗೌನು ಅಲ್ಲೇ ನಿಂತಿತ್ತು.

"ಅಂದ್ರೆ ನಿನ್ನ ಕಣ್ಣಿಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ."

"ಹಾಗಾದ್ರೆ ನೋಡು," ಎಂದಳು ಟೆಸಾ, ಸಿಟ್ಟಿನಲ್ಲೇ. ಫೋನ್ ಇಟ್ಟುಬಿಟ್ಟಳು.

"ಗೌನು ತೋರಿಸ್ತಾ ತಿರುಗ್ತಿದಾಳೆ ಕಣೇ," ಎಂದಳು ಡೊರೀನ್, ಅಕ್ಕನ ತೋಳು ಹಿಡಿದು. "ನೋಡೇ, ತಲೆ ಎತ್ತೇ."

ಮಾರ್ಲಿಸ್ ತನ್ನ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದಳು.