ಬ್ರಶ್ ಒರೆಸಿದ ಗೋಡೆ

"ನಿನ್ನ ಅಪ್ಪನ ಗೋಡೆಯಾ ಇದು, ಬೇವರ್ಸಿ? ಕುಂಡೆ ಒರೆಸಿದ ಹಾಗೆ ಬ್ರಶ್ ಒರೆಸಿದ್ದೀಯಲ್ಲ!"

ನಾಯ್ಮಾರ್ಮೂಲೆ ಪೇಟೆಯ ತಮ್ಮ ಕಟ್ಟಡದ ಹಿಂದೆ ನಿಂತು ಗುಣಪಾಲ ಧಣಿ ಕಿರುಚುತ್ತಿದ್ದರು. ಕೂಸಪ್ಪ ತಲೆ ತಗ್ಗಿಸಿ ನಿಂತಿದ್ದ. ಒಂಬತ್ತು ವರ್ಷಗಳಿಂದ ಧಣಿಯ ಅಂಗಡಿಗಳಿಗೂ ಬಾಡಿಗೆ ಮನೆಗಳಿಗೂ ಪೈಂಟ್ ಬಳಿದವನು ಅವನೇ. ಕೆಲಸ ಮುಗಿದ ಮೇಲೆ ಬ್ರಶ್ಶಿನಲ್ಲಿ ಉಳಿದದ್ದನ್ನು ಆ ಹಿಂಗೋಡೆಗೆ ಒರೆಸುತ್ತಿದ್ದ. ಧಣಿಯ ಮನೆಯ ಜಗಲಿ ಹತ್ತಲು ಅವನ ಜಾತಿಯವರಿಗೆ ಅಪ್ಪಣೆಯಿರಲಿಲ್ಲ. ಬ್ರಶ್ ಹಿಡಿದು ಏಣಿ ಹಾಕಿದರೆ ಮಾತ್ರ ಮಾಡಿನ ಹಂಚಿನವರೆಗೂ ಹತ್ತಬಹುದಿತ್ತು.

ಅಷ್ಟರಲ್ಲಿ ಧಣಿಯ ಮಗ ಸುಜನ್ ತನ್ನ ಗೆಳೆಯ, ಮಂಗಳೂರಿನ ಚಿತ್ರಕಾರ ಪ್ರೇಮನಾಥನೊಡನೆ ಬಂದ. ಗೋಡೆ ಕಂಡ ಪ್ರೇಮನಾಥ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇದು ಮಾಡರ್ನ್ ಆರ್ಟ್ ಮಾರಾಯ! ಯಾರು ಮಾಡಿದ್ದು?"

ಕೂಸಪ್ಪ ಬಾಯಿ ತೆರೆಯುವ ಮೊದಲೇ ಧಣಿ ಹೇಳಿದರು: "ನಮ್ಮ ಸುಜನ್. ಅವನಿಗೆ ಸಣ್ಣದರಿಂದಲೂ ಈ ಹುಚ್ಚು ಉಂಟು."

ಆ ಸಂಜೆ ಕೂಸಪ್ಪ ಹೆಂಡತಿ ಶಂಕರಿಗೆ ಹೇಳಿದ: "ನಾನು ದೊಡ್ಡ ಕಲಾವಿದ ಅಂತೆ ಮಾರಾಯ್ತಿ. ನನಗೇ ಗೊತ್ತಿರಲಿಲ್ಲ."

"ಹಾಗಾದ್ರೆ ನಮ್ಮ ಗೋಡೆ ಯಾಕೆ ಹೀಗುಂಟು?" ಎಂದಳು ಶಂಕರಿ. ಅವರ ಗೋಡೆ ಸುಣ್ಣ ಕಂಡು ವರ್ಷಗಳಾಗಿದ್ದವು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನಿಗೆ ಊಟ ಸೇರಲಿಲ್ಲ.

ಆದಿತ್ಯವಾರ ಸುಜನ್‌ನ ಸನ್ಮಾನಕ್ಕೆಂದು ಗೋಡೆಯ ಮುಂದೆ ಶಾಮಿಯಾನ ಎದ್ದಿತು. ವೇದಿಕೆಯಲ್ಲಿ ಮೂರು ಕುರ್ಚಿ, ನಡುವಿನದು ಕಲಾವಿದನಿಗೆ. ಹೊತ್ತು ತಂದವನು ಕೂಸಪ್ಪ, ಕೂತವನು ಸುಜನ್. ಪ್ರೇಮನಾಥ ಮೈಕ್ ಹಿಡಿದು, "ಈ ಕೆಂಪು ಒಬ್ಬ ಯುವಕನ ಒಳಗಿನ ಬೆಂಕಿ" ಎಂದ.

"ಅದು ಧಣಿಯ ಕಕ್ಕಸಿನ ಬಾಗಿಲಿನ ಪೈಂಟ್ ಸರ್."

ಹಾಗೆ ಹೇಳಿದ್ದು ತಾನೇ ಎಂದು ತಿಳಿಯಲು ಕೂಸಪ್ಪನಿಗೆ ಒಂದು ಗಳಿಗೆ ಬೇಕಾಯಿತು. "ಹಸಿರು ಬಾಡಿಗೆ ಮನೆಯ ಗೇಟಿದ್ದು. ಎಲ್ಲ ನಾನೇ ಒರೆಸಿದ್ದು. ಬೈಗುಳ ತಿಂದದ್ದೂ ನಾನೇ."

ಜನ ಗೊಳ್ಳೆಂದರು. ಸುಜನ್ ಗಾಬರಿಯಿಂದ ಎದ್ದು ನಿಂತ. ಕೂಸಪ್ಪ ವೇದಿಕೆ ಹತ್ತಿ ಆ ಕುರ್ಚಿಯಲ್ಲಿ ಕೂತುಬಿಟ್ಟ.

"ಏಳು, ನಾಯಿ!" ಪಕ್ಕದ ಕುರ್ಚಿಯಿಂದ ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ಮೈಕ್ ಅದನ್ನು ಇಡೀ ಪೇಟೆಗೆ ಕೇಳಿಸಿತು. ನಗು ಒಮ್ಮೆಲೇ ನಿಂತಿತು.

"ಏಳುವುದು ಹೇಗೆ ಧಣಿ? ನಿಮ್ಮ ಎದುರು ಕೂತು ನನಗೆ ಅಭ್ಯಾಸವೇ ಇಲ್ಲ."

ಕೂತದ್ದೇ ಒಳ್ಳೆಯದಾಯಿತು, ನಿಂತಿದ್ದರೆ ಬಿದ್ದೇ ಹೋಗುತ್ತಿದ್ದೆ ಎಂದುಕೊಂಡು ಕೂಸಪ್ಪ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ.