ಅರವತ್ತೊಂದನೆಯ ಕೆಂಪು ಪ್ಲೇಟು

ತಿಪಟೂರಿನ ಚಿಕ್ಕಹನುಮಯ್ಯನವರು ನಡೆಯುವಾಗ ಬಲಗೈಯನ್ನು ಕೋಟಿನ ಎದೆಗೆ ಒತ್ತಿಕೊಂಡೇ ನಡೆಯುತ್ತಿದ್ದರು. ಕೊಬ್ಬರಿ ಸಂತೆಯ ದಿನ ಗಾಡಿ, ಲಾರಿ, ಹಮಾಲರ ನಡುವೆ ನುಸುಳಬೇಕಾಗಿ ಬಂದರಂತೂ ತುಂಬಿದ ಹಾಲಿನ ಪಾತ್ರೆ ಹೊತ್ತವರಂತೆ ಒಂದೊಂದೇ ಹೆಜ್ಜೆ. ಏಪ್ರಿಲ್ಲಿನ ಬಿಸಿಲಿನಲ್ಲೂ ಮೈಬಿಡದ ಆ ಕಂದು ಕೋಟಿನ ಒಳಮೈಗೆ ದರ್ಜಿಗೆ ಹೇಳಿ ಹೊಲಿಸಿದ ಚೌಕದ ಜೇಬೊಂದಿತ್ತು. ಅದರಲ್ಲಿ ಬಣ್ಣದ ಗ್ರಾಮಫೋನ್ ಪ್ಲೇಟೊಂದು ಇರುತ್ತಿತ್ತು. ಅಂಗಡಿಯ ತಗಡಿನ ಸೂರಿನ ಕಾವಿಗೆ ಡೊಂಕಾದಾವೆಂಬ ಭಯದಿಂದ ಅಂಥ ಪ್ಲೇಟುಗಳನ್ನೆಲ್ಲ ಮನೆಯ ತಂಪಿನಲ್ಲಿಟ್ಟು, ಬೆಳಗ್ಗೆ ಒಂದನ್ನು ಮಾತ್ರ ಅಂಗಡಿಗೆ ತಂದು, ಕೇಳಿ, ಸಂಜೆ ಮರಳಿ ಒಯ್ಯುತ್ತಿದ್ದರು.

ಮದುವೆ, ನಾಮಕರಣಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು ಅವರ ಕಸುಬು. ಎಂಬತ್ತಮೂರರಲ್ಲಿ ಬೆಂಗಳೂರಿನಿಂದ ತಂದ ಹಳೆಯ ರೆಕಾರ್ಡುಗಳ ಕಟ್ಟಿನಲ್ಲಿ ದಾಸವಾಳದಷ್ಟು ಕೆಂಪಗಿನ ಪುಟ್ಟ ಪ್ಲೇಟೊಂದು ಸಿಕ್ಕಿತು. ಮುಳ್ಳಿಟ್ಟರೆ ಗಿರಣಿಯೊಳಗೆ ನಾಲ್ವರು ಜಗಳಕ್ಕೆ ಬಿದ್ದಂಥ ಸದ್ದು. ಒಂದೂಕಾಲು ನಿಮಿಷಕ್ಕೆ ಹಾಡೇ ಮುಗಿದುಹೋಯಿತು. ಪಕ್ಕದ ಅಂಗಡಿಯ ರೇಡಿಯೋ ಮೆಕ್ಯಾನಿಕ್ ಲಿಯಾಕತ್ ಅಲಿ ಓಡಿಬಂದರು.

"ಪಿನ್ನು ಹೋಗೈತೆ ಕಣ್ಲಾ, ಬದಲಾಯ್ಸು."

ಪಿನ್ನು ಬದಲಾಯಿತು, ವೇಗ ಬದಲಾಯಿತು, ಕೊನೆಗೆ ಸ್ಪೀಕರೂ ಬದಲಾಯಿತು. ಸದ್ದು ಮಾತ್ರ ಅದೇ.

"ಕೆಟ್ಟಿಲ್ಲ ಕಣ್ಲಾ," ಎಂದರು ಚಿಕ್ಕಹನುಮಯ್ಯನವರು ಬೆರಗಿನಿಂದ. "ಇವರು ಹಾಡೋದೇ ಹಿಂಗೆ."

ಪ್ಲೇಟಿನ ಹೊದಿಕೆಯ ಮೇಲೆ ಅಮೆರಿಕದ ಯಾವುದೋ ಸಣ್ಣ ಊರಿನ ವಿಳಾಸವಿತ್ತು. ಮೂಲೆಯಲ್ಲಿ ಕೈಯಿಂದ ಬರೆದ ಅಂಕಿ, ಅರವತ್ತೊಂದು. ಮರುದಿನವೇ ಅವರು ಹೈಸ್ಕೂಲಿನ ಇಂಗ್ಲಿಷ್ ಉಪಾಧ್ಯಾಯಿನಿ ಗಿರಿಜಾಂಬಿಕಾ ಅವರ ಮನೆಯ ಜಗುಲಿಯಲ್ಲಿ ಹಾಜರು. ಕೇಳಬೇಕಾದದ್ದು ಎರಡೇ ಮಾತು: ಪ್ಲೇಟು ಕೆಂಪು ಯಾಕೆ, ಕೋಪ ಯಾರ ಮೇಲೆ?

"ಹನುಮಯ್ಯನವರೇ, ಮುಖ ನೋಡದವರಿಗೆ ಹಿಂಗೆಲ್ಲ ಬರೀತಾರೇನ್ರೀ?"

"ನೀವು ಬರೀರಿ ಟೀಚರಮ್ಮ. ಬೈದ್ರೆ ನಂಗೇ ಬೈತಾರೆ."

ಎರಡೂವರೆ ತಿಂಗಳಿಗೆ ಉತ್ತರ ಬಂತು. ಬರೆದವನು ಆ ತಂಡದಲ್ಲಿ ಡ್ರಮ್ ಬಾರಿಸುವವನು, ಹೊಟ್ಟೆಪಾಡಿಗೆ ಟೈರ್ ಅಂಗಡಿಯ ಕೆಲಸ. ತಮ್ಮ ಸಂಗೀತಕ್ಕೆ ಹಾರ್ಡ್‌ಕೋರ್ ಪಂಕ್ ಎನ್ನುತ್ತಾರೆಂದೂ, ತಮ್ಮ ಹೆಸರು ಪಕ್ಕದ ಊರಿಗೇ ತಿಳಿಯದೆಂದೂ, ಒತ್ತಿಸಿದ್ದು ಮುನ್ನೂರೇ ಪ್ರತಿಯೆಂದೂ, ಒಂದೊಂದರ ಮೇಲೂ ಅದರ ಅಂಕಿ ಬರೆದದ್ದು ಹಾಡುವ ಗೆಳೆಯನೆಂದೂ ವಿವರಿಸಿ, 'ಕಪ್ಪು ಪ್ಲೇಟು ಎಲ್ಲರಲ್ಲೂ ಇದೆ, ಅದಕ್ಕೇ ಕೆಂಪು. ಕೋಪ ಎಲ್ಲರ ಮೇಲೂ ಇದೆ. ನಿಮ್ಮ ಪರಿಚಯವಿರಲಿಲ್ಲವಾದ್ದರಿಂದ ನಿಮ್ಮನ್ನು ಬಿಟ್ಟಿದ್ದೇವೆ' ಎಂದಿದ್ದ. ಜೊತೆಗೆ ಗೆಳೆಯರ ತಂಡದ ಹಸಿರು ಪ್ಲೇಟು. ಹೀಗೆ ಒಬ್ಬರಿಂದೊಬ್ಬರ ವಿಳಾಸ ಹಿಡಿದು ನಾಲ್ಕು ವರ್ಷಗಳಲ್ಲಿ ಹಳದಿ, ನೀಲಿ, ಹಾಲುಬಿಳುಪು, ಎಲ್ಲ ಸೇರಿ ಹತ್ತೊಂಬತ್ತು ಪ್ಲೇಟುಗಳಾದವು. ಪ್ರತಿಯಾಗಿ ಇವರು ಕಳಿಸುತ್ತಿದ್ದದ್ದು ತಾವು ಮೈಕ್ ಹಾಕಿದ ಮದುವೆಗಳ, ಚಿನ್ನದ ಬಣ್ಣದ ಅಕ್ಷರಗಳ ಲಗ್ನಪತ್ರಿಕೆಗಳನ್ನು.

ಹಾಡು ಹಿಡಿಸಿತೇ ಎಂದು ಯಾರಾದರೂ ಕೇಳಿದರೆ ತಡವರಿಸುತ್ತಿದ್ದರು. "ಗೊತ್ತಿಲ್ಲ ಕಣಪ್ಪ. ಇಷ್ಟು ಜೋರಾಗಿ ಯಾಕೆ ಕೂಗ್ತಾವೆ ಅಂತ ತಿಳೀಬೇಕು." ಪ್ಲೇಟನ್ನು ಮುಟ್ಟಲು ಮಾತ್ರ ಲಿಯಾಕತರಿಗೂ ಅಪ್ಪಣೆಯಿರಲಿಲ್ಲ.

ಎಂಬತ್ತೇಳರ ಮಳೆಗಾಲದಲ್ಲಿ ಡ್ರಮ್ಮಿನವನಿಂದ ಒಂದು ಪುಟ್ಟ ಕಾಗದ ಬಂತು. ತಂಡದಲ್ಲಿ ಹಾಡುತ್ತಿದ್ದ ಗೆಳೆಯ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಅವನು ಮುನಿಸಿಕೊಂಡು ಮನೆ ಬಿಟ್ಟ ವರ್ಷ ಅವನ ತಾಯಿ ಪ್ಲೇಟುಗಳನ್ನೆಲ್ಲ ಕಸಕ್ಕೆ ಹಾಕಿದ್ದಳು. ಈಗ ಒಂದಾದರೂ ಸಿಕ್ಕೀತೇ ಎಂದು ಹುಡುಕಿಸುತ್ತಿದ್ದಾಳೆ. ನನ್ನ ಪ್ರತಿ ಒಡೆದಿದೆ. ಅರವತ್ತೊಂದು ಇನ್ನೂ ನಿಮ್ಮಲ್ಲಿದೆಯೇ?

ಗಿರಿಜಾಂಬಿಕಾ ಓದಿ ಮುಗಿಸಿದಾಗ ಚಿಕ್ಕಹನುಮಯ್ಯನವರು ಎದ್ದುಹೋದರು. ಮೂರು ದಿನ ಕೆಂಪು ಪ್ಲೇಟೇ ಜೇಬಿನಲ್ಲಿತ್ತು, ಆದರೆ ಹಾಕಲಿಲ್ಲ.

"ಕ್ಯಾಸೆಟ್ ಮಾಡಿ ಕಳ್ಸು ಕಣ್ಲಾ," ಎಂದರು ಲಿಯಾಕತ್. "ಆ ತಾಯಿಗೆ ಬೇಕಾಗಿರೋದು ದನಿ ತಾನೆ?"

"ಆ ನಂಬರು ಅವನ ಕೈಬರಹ ಕಣ್ಲಾ. ಕ್ಯಾಸೆಟ್ ನನಗಿರ್ಲಿ ಬುಡು."

ಲಿಯಾಕತ್ ಕ್ಯಾಸೆಟ್ಟಿಗೆ ಹಾಡನ್ನು ಇಳಿಸಿಕೊಟ್ಟರು. ಎರಡು ಪ್ಲೈವುಡ್ ಹಲಗೆಗಳ ನಡುವೆ ತೆಂಗಿನ ನಾರಿನ ಮೆತ್ತೆಯಿಟ್ಟು ಪ್ಲೇಟನ್ನು ಹೊದಿಕೆಸಮೇತ ಬಿಗಿದದ್ದಾಯಿತು. ಒಳಗೇನಿದೆ ಎಂದು ಅಂಚೆಯ ದುರ್ಗಯ್ಯ ಕೇಳಿದಾಗ ಚಿಕ್ಕಹನುಮಯ್ಯನವರು, "ಒಬ್ಬ ಮಗ ಹಾಡಿದ್ದು ಸಾ," ಎಂದಷ್ಟೇ ಹೇಳಿದರು.

ಸುಗ್ಗಿಯ ಹೊತ್ತಿಗೆ ತಾಯಿಯ ಕಾಗದ ಬಂತು. ಪಕ್ಕದ ಮನೆಯಲ್ಲಿ ಹಾಕಿಸಿ ಕೇಳಿದಳಂತೆ. 'ಒಂದು ಪದವೂ ತಿಳಿಯಲಿಲ್ಲ. ಆದರೆ ಕೂಗುವ ಮುನ್ನ ಅವನು ಉಸಿರೆಳೆದುಕೊಳ್ಳುವುದು ಕೇಳಿಸಿತು. ಚಿಕ್ಕಂದಿನಲ್ಲಿ ನೀರಿಗೆ ಹಾರುವ ಮುಂಚೆ ಹಾಗೆಯೇ ಮಾಡುತ್ತಿದ್ದ.'

ಚಿಕ್ಕಹನುಮಯ್ಯನವರು ಅಂಗಡಿಗೆ ಧಾವಿಸಿ ಕ್ಯಾಸೆಟ್ ಹಾಕಿದರು. ನಾಲ್ಕು ವರ್ಷ ಕೇಳಿದ್ದ ಹಾಡು. ಆ ಉಸಿರನ್ನು ಅವರು ಗಮನಿಸಿಯೇ ಇರಲಿಲ್ಲ. ಈಗ ಕಿವಿಗೊಟ್ಟರೆ ಟೇಪಿನ ಸರಸರ ಸದ್ದು ಅದನ್ನು ನುಂಗಿತ್ತು. ಲಿಯಾಕತ್ ಗುಂಡಿ ತಿರುವಿ ತಿರುವಿ ಸೋತರು.

"ಬುಡ್ಲಾ," ಎಂದರು ಚಿಕ್ಕಹನುಮಯ್ಯನವರು, ಕಣ್ಣೊರೆಸಿಕೊಳ್ಳುತ್ತ. "ಕೇಳ್ಬೇಕಾದೋರಿಗೆ ಕೇಳ್ತಲ್ಲ."

ಕುತೂಹಲವನ್ನು ನಾವು ಸಾಮಾನ್ಯವಾಗಿ ಬುದ್ಧಿಯ ಲಕ್ಷಣವೆಂದು ಎಣಿಸುತ್ತೇವೆ. ತನಗೆ ಯಾವ ಸಂಬಂಧವೂ ಇಲ್ಲದ ಒಂದು ಕೂಗಿನ ಬೆನ್ನು ಹತ್ತಿ ವರ್ಷಗಟ್ಟಲೆ ಹೋಗುವ ಇಂಥವರನ್ನು ಕಂಡಾಗ ಅದು ಅಂತಃಕರಣದ್ದೇ ಇನ್ನೊಂದು ಹೆಸರಿರಬಹುದೆನ್ನಿಸುತ್ತದೆ. ಅಪರಿಚಿತನ ಕೋಪಕ್ಕೆ ಕಾರಣ ಕೇಳಹೊರಟವರು ಎಂದಾದರೊಂದು ದಿನ ಅವನ ಮನೆಯವರೇ ಆಗಿಬಿಟ್ಟಿರುತ್ತಾರೆ, ಮತ್ತು ಅದು ಅವರಿಗೇ ತಿಳಿದಿರುವುದಿಲ್ಲ.