ಅವಳ ಕೈಯಾಡಿದ ತುಂಡು

ಮರ ಯಾವುದೆಂದು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಮೇಸ್ತ್ರಿಗೆ ತಲೆ ತಗ್ಗಿಸುವ ಮಾತು. ನಲವತ್ತು ವರ್ಷ ಉಳಿ ಹಿಡಿದವನು. ಕಣ್ಣು ಮುಚ್ಚಿ ಸಿಪ್ಪೆ ಮೂಸಿ ಮರದ ಜಾತಕವನ್ನೇ ಹೇಳುತ್ತಾನೆಂಬ ಹೆಸರು ಬೇರೆ! ಅಂಥವನು ಈಗ ಬೆರಳುದ್ದದ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮರ ಪರೀಕ್ಷಿಸುವ ಕಚೇರಿಯ ಬೆಂಚಿನ ಮೇಲೆ ಮುದುಡಿ ಕೂತಿದ್ದ.

ಕಳಿಸಿದವರು ಡಾಕ್ಟರು. ಹೆಂಡತಿಗೆ ತಿಂಗಳಿಂದ ಕೆಮ್ಮು. ಈಗೀಗ ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. "ಅಂಗಡಿಗೆ ಹೊಸ ಮರ ಏನಾದ್ರೂ ಬಂತಾ?" ಎಂದು ಅವರು ಕೇಳಿದ್ದರು. ಬಂದಿತ್ತು. ಹಳೆಯ ಹಡಗೊಂದನ್ನು ಒಡೆದಾಗ ಸಿಕ್ಕ ಹೊಂಬಣ್ಣದ ಹಲಗೆಗಳು. ತೇಗದ ದೂರದ ನೆಂಟನಿರಬೇಕೆಂದು ಮರುಳಾಗಿ ಅವನೇ ಹೊತ್ತು ತಂದು, ಮಗಳಿಗೆಂದು ಬಟ್ಟೆಯ ಪೆಟ್ಟಿಗೆ ಶುರುಮಾಡಿದ್ದ. ಅವನು ಹತ್ತರಿ ಹೊಡೆದು ಹಲಗೆ ಸಮ ಮಾಡುವುದು, ಅವಳು ಉಪ್ಪುಕಾಗದ ಉಜ್ಜಿ ನುಣುಪು ಮಾಡುವುದು. ಮದುವೆಯಾದಾಗಿನಿಂದ ಇದೇ ಲೆಕ್ಕ.

"ಯಾವ ಮರ ಅಂತ ತಿಳ್ಕೊಂಡು ಬನ್ನಿ. ಅಲ್ಲೀವರೆಗೂ ಅವರು ಅಂಗಡಿಗೆ ಕಾಲಿಡೋದು ಬೇಡ," ಎಂದಿದ್ದರು ಡಾಕ್ಟರು.

ಪರೀಕ್ಷಕಿ ಕರವಸ್ತ್ರ ಬಿಚ್ಚಿ ನಕ್ಕರು. "ಏನ್ ಮೇಸ್ತ್ರಿ, ಇದು ಪರೀಕ್ಷೆಗೋ ಪ್ರದರ್ಶನಕ್ಕೋ? ಒರಟು ತುಂಡು ತರೋದಲ್ವಾ? ರಂಧ್ರದಲ್ಲೆಲ್ಲಾ ಪುಡಿ ಕೂತಿದೆ."

"ಒರಟಾಗಿ ಏನೂ ನಮ್ಮಂಗಡಿಯಿಂದ ಆಚೆ ಹೋಗಲ್ಲ ಮೇಡಂ," ಎಂದ ಮೇಸ್ತ್ರಿ, ಆ ಚಿಂತೆಯಲ್ಲೂ ಕೊಂಚ ಬೀಗುತ್ತ.

ಅವರು ಬ್ಲೇಡಿನಿಂದ ತುದಿಯನ್ನು ತೆಳ್ಳಗೆ ಕೆತ್ತಿ, ಒಂದು ಹನಿ ನೀರು ಬಿಟ್ಟು, ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟರು. ತೇಗವಾಗಿದ್ದರೆ ದೊಡ್ಡ ರಂಧ್ರಗಳು ಉಂಗುರದಂತೆ ಸಾಲುಗಟ್ಟಬೇಕಿತ್ತು. ಇಲ್ಲಿ ಚೆಲ್ಲಾಪಿಲ್ಲಿ, ಒಂದೊಂದರ ಇಕ್ಕೆಲದಲ್ಲೂ ರೆಕ್ಕೆಯಂಥ ಪುಟ್ಟ ಬಿಳಿ ಗುರುತು.

"ಹಲಗೆ ಒಳಗೆ ಸುಣ್ಣದಂಥ ಗಟ್ಟಿ ಹರಳು ಸಿಕ್ಕಿತ್ತಾ?"

"ಹೂಂ. ಹತ್ತರಿ ಬಾಯೇ ಮುರೀತು."

ಪರೀಕ್ಷಕಿ ಕಪಾಟಿನಿಂದ ಮಾದರಿಯೊಂದನ್ನು ತೆಗೆದು ಪಕ್ಕದಲ್ಲಿಟ್ಟರು. ಒಂದೇ ತಾಯಿಯ ಮಕ್ಕಳು! "ಇದು ಇರೋಕೋ ಅಂತ, ಆಫ್ರಿಕಾದ ಮರ. ತೇಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮರ ಒಳ್ಳೇದೇ, ಆದ್ರೆ ಪುಡಿ ಕೆಲವರ ಎದೆಗೆ ಆಗ್ಬರಲ್ಲ. ಹತ್ತರಿ ಸಿಪ್ಪೆಗಿಂತ ನುಣ್ಣನೆ ಧೂಳೇ ಕೆಟ್ಟದ್ದು. ಒಂದ್ಸಲ ಎದೆ ಹಿಡೀತು ಅಂದ್ರೆ, ಆಮೇಲೆ ಚಿಟಿಕೆ ಸಾಕು." ತುಂಡಿನ ಮೈಮೇಲೆ ಬೆರಳಾಡಿಸಿ ತಟ್ಟನೆ ತಲೆಯೆತ್ತಿದರು. "ಇಷ್ಟು ನುಣ್ಣಗೆ ಉಜ್ಜಿದ್ದು ಯಾರು?"

ಮೇಸ್ತ್ರಿ ತುಂಡನ್ನು ತನ್ನತ್ತ ಎಳೆದುಕೊಂಡ. ಬೆಳಿಗ್ಗೆ ತಾನೇ ಇದನ್ನು ಅಡುಗೆಮನೆಯಲ್ಲಿದ್ದ ಹೆಂಡತಿಯ ಬಳಿಗೆ ಒಯ್ದು, "ಬೇಗ ಒಂದೆರಡು ಕೈ ಉಜ್ಜೇ, ದೊಡ್ಡವರ ಮುಂದೆ ಇಡೋದು," ಎಂದಿದ್ದ. ಅಂಗಡಿಗೇನೂ ಕರೆದಿಲ್ಲವಲ್ಲ ಎಂಬ ಸಮಾಧಾನ ಬೇರೆ! ಅವಳು ಕೆಮ್ಮುತ್ತಲೇ ಉಜ್ಜಿ, ಫೂ ಎಂದು ಊದಿ ಕೊಟ್ಟಿದ್ದಳು. ಥೂ ನನ್ನ ಜನ್ಮಕ್ಕೆ, ಎಂದುಕೊಂಡ.

ಬಸ್ಸಿಗೂ ಕಾಯದೆ ಮನೆಯ ಕಡೆ ಓಡಿದ. ಅಂಗಡಿಗೆ ಬೆಳಿಗ್ಗೆ ಹಾಕಿದ ಬೀಗ ಹಾಗೇ ಇತ್ತು. ಅಬ್ಬಾ ಎಂದು ಹಿತ್ತಲಿಗೆ ಬಂದರೆ, ಪೆಟ್ಟಿಗೆಯ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ಹುಬ್ಬು, ರೆಪ್ಪೆ, ಮೂಗಿನ ತುದಿಯೆಲ್ಲ ಹೊಂಬಣ್ಣದ ಪುಡಿ.

"ಹಂಗೆ ನೋಡ್ಬೇಡಿ," ಎಂದಳು, ಎರಡು ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ. "ಅಂಗಡಿಗೆ ಕಾಲಿಟ್ಟಿಲ್ಲ ಕಣ್ರೀ. ನೀವು ಬೀಗ ಹಾಕೋ ಮುಂಚೇನೇ ಇದನ್ನ ಇಲ್ಲಿಗೆ ತರಿಸ್ಕೊಂಡಿದ್ದೆ. ಡಾಕ್ಟರ ಮಾತು ಮೀರಿಲ್ಲ."

ಮೇಸ್ತ್ರಿ ಅವಳ ಕೈಯಿಂದ ಉಪ್ಪುಕಾಗದ ಕಿತ್ತುಕೊಂಡ. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು.

ಅವಳು ಗಾಬರಿಯಾಗಿ ಮುಚ್ಚಳದ ಮೇಲೆ ಅಂಗೈ ಆಡಿಸಿದಳು. "ಯಾಕ್ರೀ, ಇನ್ನೂ ನುಣುಪಾಗಿಲ್ವಾ?"